ಮೊದಲು ಕಿವಿಗೆ ಆರಾಮ, ಆಮೇಲೆ ಸೌಂಡ್: ಮನೆಯಲ್ಲೇ ಹೆಡ್‌ಫೋನ್ ಸುಧಾರಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ನನ್ನ ಟೇಬಲ್ ಮೇಲೆ ಬಂದು ಬೀಳುವ ಹೆಡ್‌ಫೋನ್‌ಗಳ ಕಥೆ ಹೆಚ್ಚು ಕಮ್ಮಿ ಒಂದೇ. ಬಳ್ಳಾರಿ ಬಿಸಿಲು ಏರಿದ ಕೂಡಲೇ ಕಿವಿ ಬೆವರಲು ಶುರು. ಹಳೇ ರೆಕ್ಸಿನ್ ಪ್ಯಾಡ್ ಕಿತ್ತು ಬಟ್ಟೆ ಪ್ಯಾಡ್ ಹಾಕುತ್ತಾರೆ. ಬೇಸ್ (ಗುಂಯ್ ಅನ್ನುವ ದಪ್ಪ ಸದ್ದು) ಮಾಯ. ಬೇಸ್ ವಾಪಸ್ ತರೋಣ ಅಂತ ಕಪ್ ಬಿಚ್ಚಿ ಹತ್ತಿ ತುರುಕುತ್ತಾರೆ. ಉಳಿದಿದ್ದ ಬೇಸೂ ಹೋಗುತ್ತದೆ. ಮತ್ತೆ ಬಿಚ್ಚುವಾಗ ಕೂದಲೆಳೆಯಂಥ ವೈರ್ ಕಿತ್ತು ಒಂದು ಕಿವಿ ಬಂದ್. ಕೊನೆಗೆ ಚೀಲದಲ್ಲಿ ಹಾಕಿಕೊಂಡು ಬಂದು, "ಅಣ್ಣಾ, ಏನೂ ಬ್ಯಾಡ, ಮೊದಲಿನ ಹಂಗ ಮಾಡಿ ಕೊಡ್ರಿ ಸಾಕು" ಅನ್ನುತ್ತಾರೆ.

ಕೆಲಸ ಕಷ್ಟದ್ದಲ್ಲ. ಮಾಡುವ ಕ್ರಮ ಹಿಂದುಮುಂದಾಗಿದೆ, ಅಷ್ಟೇ. ಪ್ಯಾಡ್ ಅನ್ನುವುದು ಕಿವಿಗೂ ಡ್ರೈವರ್‌ಗೂ (ಕಪ್ ಒಳಗೆ ಸದ್ದು ಹೊರಡಿಸುವ ಸಣ್ಣ ಸ್ಪೀಕರ್) ನಡುವಿನ ಪುಟ್ಟ ಕೋಣೆಗೆ ಗೋಡೆ ಇದ್ದ ಹಾಗೆ. ಗೋಡೆಯಲ್ಲಿ ಸಂದು ಬಿದ್ದರೆ ಮೊದಲು ಸೋರಿ ಹೋಗುವುದು ಬೇಸ್. ಹಾಗಾಗಿ ಆರಾಮದ ಕೆಲಸ ಮುಗಿಯುವ ತನಕ ಸೌಂಡ್ ಕೆಲಸಕ್ಕೆ ಕೈ ಹಾಕುವಂತಿಲ್ಲ. ಎಷ್ಟೋ ಸಲ ಮೊದಲನೆಯದು ಸರಿ ಮಾಡಿದರೆ ಎರಡನೆಯದರ ಅಗತ್ಯವೇ ಬೀಳುವುದಿಲ್ಲ.

ಇಲ್ಲಿ ಹೇಳುತ್ತಿರುವುದು ವೈರ್ ಇರುವ, ಕಿವಿ ಮುಚ್ಚುವ ಹೆಡ್‌ಫೋನ್‌ಗಳ ಬಗ್ಗೆ. ಬ್ಲೂಟೂತ್ ಇದ್ದರೆ 4ನೇ ಹಂತಕ್ಕೇ ನಿಲ್ಲಿಸಿ. ಅದರೊಳಗೆ ಲಿಥಿಯಂ ಬ್ಯಾಟರಿ ಇರುತ್ತದೆ. ಸ್ಕ್ರೂಡ್ರೈವರ್ ಮೊನೆ ತಾಗಿ ತೂತು ಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು.

ಬೇಕಾಗುವ ಸಾಮಾನು

ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಹಳೇ ಎಟಿಎಂ ಕಾರ್ಡ್, ಅಳತೆ ಪಟ್ಟಿ, ಕತ್ತರಿ, ಸೂಜಿ ದಾರ. ಮೆಡಿಕಲ್ ಶಾಪಿನಿಂದ ಒಂದು ಮೈಕ್ರೋಪೋರ್ ಟೇಪ್. ತೆಳು ಟಿಶ್ಯೂ ಪೇಪರ್. ದಿಂಬಿನೊಳಗೆ ತುಂಬುವ ಪಾಲಿಸ್ಟರ್ ನಾರು ಒಂದು ಹಿಡಿ. ಟೈಲರ್ ಅಂಗಡಿಯಲ್ಲಿ ಸಿಗುವ ಸಣ್ಣ ಎಲಾಸ್ಟಿಕ್ ಒಂದು ಮೀಟರ್. ಹಳೇ ಬನಿಯನ್ ಒಂದು. ವೈರ್ ಕೆಲಸಕ್ಕೆ ಮಾತ್ರ ಮಲ್ಟಿಮೀಟರ್ ಮತ್ತು ಸೋಲ್ಡರಿಂಗ್ ಐರನ್.

ಕ್ವಿಕ್ ಗಮ್ ಮಾತ್ರ ಟೇಬಲ್ ಹತ್ತಿರವೂ ಇಡಬೇಡಿ. ಅದು ಒಣಗುವಾಗ ಬರುವ ಆವಿ ಪ್ಲಾಸ್ಟಿಕ್ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಡ್ರೈವರ್ ಒಳಗಿನ ತೆಳು ಪೊರೆ ಮೇಲೆ ಕೂತರೆ ಮುಗಿಯಿತು, ಒರೆಸಿ ತೆಗೆಯುವ ದಾರಿಯೇ ಇಲ್ಲ. ಅಂಟಿಸುವ ಕೆಲಸಕ್ಕೆಲ್ಲ ಎರಡೂ ಕಡೆ ಅಂಟಿರುವ ಟೇಪ್ ಸಾಕು.

ಹಂತ 1: ಬಿಚ್ಚುವ ಮುಂಚೆ ಕೇಳಿ, ಬರೆದಿಡಿ

ಇದನ್ನು ಯಾರೂ ಮಾಡುವುದಿಲ್ಲ. ಆಮೇಲೆ "ಮೊದಲು ಚೆನ್ನಾಗಿತ್ತು ಅನ್ಸುತ್ತೆ" ಅನ್ನುತ್ತಾರೆ. ಹತ್ತು ನಿಮಿಷದ ಕೆಲಸ, ಮೂರು ಪರೀಕ್ಷೆ.

ಒಂದು, ಫೋನ್ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೋ (ಎರಡೂ ಕಿವಿಗೆ ಒಂದೇ ಸದ್ದು) ಆನ್ ಮಾಡಿ ಒಬ್ಬರೇ ಮಾತಾಡುವ ವಾರ್ತೆ ಕೇಳಿ. ಧ್ವನಿ ಮೂಗಿನ ನೇರಕ್ಕೆ ನಿಲ್ಲಬೇಕು. ಒಂದು ಕಡೆ ವಾಲಿದರೆ ಆ ಕಡೆಯದು ಜೋರಿದೆ, ಇಲ್ಲವೇ ಇನ್ನೊಂದು ಕಡೆ ಸೋರುತ್ತಿದೆ.

ಎರಡು, 50 ಹರ್ಟ್ಜ್ ಟೋನ್ (ಒಂದೇ ಸಮನೆ ಗುಂಯ್ ಅನ್ನುವ ದಪ್ಪ ಸದ್ದು) ಕಮ್ಮಿ ವಾಲ್ಯೂಮ್‌ನಲ್ಲಿ ಹಾಕಿ, ಎರಡೂ ಕಪ್‌ಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದ ಕೂಡಲೇ ಗುಂಯ್ ಅನ್ನುವುದು ಜಾಸ್ತಿ ಆಯಿತಾ? ಹಾಗಿದ್ದರೆ ನಿಮ್ಮ ಹೆಡ್‌ಫೋನ್‌ನಲ್ಲಿ ಬೇಸ್ ಇದೆ, ಸೋರಿ ಹೋಗುತ್ತಿದೆ. ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಈ ಅಂಗೈ ಪರೀಕ್ಷೆ ನೆನಪಿಟ್ಟುಕೊಳ್ಳಿ. ಟೋನ್ ಜೊತೆ ಕರಕರ ಸದ್ದು ಬಂದರೆ ಪೊರೆಗೆ ಕೂದಲೋ ಧೂಳೋ ತಾಗುತ್ತಿದೆ ಅಂತ ಅರ್ಥ.

ಮೂರು, ಹೆಣ್ಣು ಧ್ವನಿಯ ಒಂದು ಹಾಡು ಹಾಕಿ 'ಸ', 'ಶ', 'ಚ' ಬರುವ ಕಡೆ ಗಮನ ಕೊಡಿ. ಕಿವಿಗೆ ಸೂಜಿ ಚುಚ್ಚಿದ ಹಾಗಿದ್ದರೆ ಟ್ರೆಬಲ್ (ಚೂಪು ಸದ್ದು) ಜಾಸ್ತಿ ಇದೆ.

ಮೂರಕ್ಕೂ ಒಂದೊಂದು ಸಾಲು ಬರೆದಿಡಿ. ಮುಂದಿನ ಪ್ರತಿ ಹಂತದ ನಂತರ ಇವೇ ಮೂರು ಪರೀಕ್ಷೆ, ಅದೇ ಹಾಡು, ಅದೇ ವಾಲ್ಯೂಮ್.

ಹಂತ 2: ಪ್ಯಾಡ್

ಮೊದಲು ಹಳೇ ಪ್ಯಾಡ್ ನೋಡಿ. ಕರೀ ಚೂರು ಕಿವಿಗೆ, ಕೆನ್ನೆಗೆ ಅಂಟುತ್ತಿದೆಯಾ? ಅದು ಬಟ್ಟೆ ಮೇಲೆ ಹಚ್ಚಿದ ಪಾಲಿಯುರಿಥೇನ್ ಪದರ. ಬೆವರಿನ ತೇವ, ಬಿಸಿ ಎರಡೂ ಸೇರಿ ಅದನ್ನು ಒಡೆಯುತ್ತವೆ. ನಮ್ಮ ಕಡೆ ಎರಡಕ್ಕೂ ಕೊರತೆ ಇಲ್ಲ. ಸಿಪ್ಪೆ ಏಳಲು ಶುರುವಾದ ಪ್ಯಾಡ್ ಮೇಲೆ ಟೇಪ್ ಸುತ್ತಿ ಪ್ರಯೋಜನವಿಲ್ಲ, ಬದಲಿಸಿ.

ಅಳತೆ ತೆಗೆಯುವಾಗ ಪ್ಯಾಡ್ ಅಳೆಯಬೇಡಿ. ಪ್ಯಾಡ್ ಕೂರುವ ಪ್ಲಾಸ್ಟಿಕ್ ತಟ್ಟೆಯ ಅಂಚಿನಿಂದ ಅಂಚಿಗೆ ಅಳೆಯಿರಿ. ಹಳೇ ಪ್ಯಾಡ್ ಒತ್ತಿ ಒತ್ತಿ ಅಗಲ ಆಗಿರುತ್ತದೆ. ತಟ್ಟೆಗಿಂತ ಪ್ಯಾಡ್ 5 ಮಿಲಿಮೀಟರ್ ಚಿಕ್ಕದಿದ್ದರೂ ಎಳೆದು ಕೂರಿಸಬಹುದು. ದೊಡ್ಡದಾದರೆ ಸುಕ್ಕು ಬೀಳುತ್ತದೆ, ಸುಕ್ಕಿನಿಂದಲೇ ಸೋರುತ್ತದೆ.

ಯಾವ ಬಟ್ಟೆ ಅನ್ನುವುದು ಎರಡನೇ ಪ್ರಶ್ನೆ. ವೆಲ್ವೆಟ್ ತರದ ಪ್ಯಾಡ್‌ಗೆ ಗಾಳಿ ಆಡುತ್ತದೆ, ಕಿವಿ ತಣ್ಣಗಿರುತ್ತದೆ. ಆದರೆ ಗಾಳಿ ಆಡಿದ ಕಡೆಯೆಲ್ಲ ಬೇಸ್ ಸೋರುತ್ತದೆ. ರೆಕ್ಸಿನ್ ಅಥವಾ ಚರ್ಮದ ಪ್ಯಾಡ್ ಗಟ್ಟಿಯಾಗಿ ಮುಚ್ಚುತ್ತದೆ, ಬೆವರೂ ಜಾಸ್ತಿ. ಹಿಂಬದಿ ತೆರೆದಿರುವ ಹೆಡ್‌ಫೋನ್‌ಗೆ ವೆಲ್ವೆಟ್ ಹಾಕಿದರೆ ಸಾಮಾನ್ಯವಾಗಿ ತೊಂದರೆ ಕಮ್ಮಿ. ಹಿಂಬದಿ ಮುಚ್ಚಿರುವುದಕ್ಕೆ ಹಾಕಿದರೆ ಸೌಂಡ್ ಬಡವಾಗುತ್ತದೆ. ಒಳಗೋಡೆಗೆ ಮಾತ್ರ ರೆಕ್ಸಿನ್, ಕೆನ್ನೆಗೆ ತಾಗುವ ಕಡೆ ಬಟ್ಟೆ ಇರುವ ಮಿಶ್ರ ಪ್ಯಾಡ್ ಸಿಕ್ಕರೆ ನಮ್ಮ ಊರಿಗೆ ಅದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ದಪ್ಪ ಪ್ಯಾಡ್ ಕಂಡರೆ ಆಸೆ ಆಗುತ್ತದೆ, ಅಲ್ವಾ? ಆದರೆ ದಪ್ಪ ಹೆಚ್ಚಾದಷ್ಟೂ ಕಿವಿಯಿಂದ ಡ್ರೈವರ್ ದೂರ ಹೋಗುತ್ತದೆ, ಹಾಡು ಪಕ್ಕದ ಕೋಣೆಯಿಂದ ಬಂದ ಹಾಗೆ ಆಗುತ್ತದೆ. ಹಳೆಯದಕ್ಕಿಂತ 5 ಮಿಲಿಮೀಟರ್‌ಗಿಂತ ಜಾಸ್ತಿ ದಪ್ಪ ಬೇಡ.

ಹೊಸ ಪ್ಯಾಡ್ ಹತ್ತಿಸುವುದು ಸೈಕಲ್ ಟೈರ್ ರಿಮ್‌ಗೆ ಹತ್ತಿಸಿದ ಹಾಗೆ. ಪ್ಯಾಡ್ ಅನ್ನು ಐದು ನಿಮಿಷ ಬಿಸಿಲಿಗೆ ಇಡಿ, ಅಂಚು ಮೆತ್ತಗಾಗುತ್ತದೆ. ಕಪ್‌ನ ಕೆಳಗಡೆ ಅಂಚನ್ನು ಸಂದಿಗೆ ಸಿಕ್ಕಿಸಿ ಎಡ ಹೆಬ್ಬೆರಳಿನಿಂದ ಅಲ್ಲೇ ಒತ್ತಿ ಹಿಡಿಯಿರಿ. ಬಲಗೈಯಲ್ಲಿ ಎಟಿಎಂ ಕಾರ್ಡಿನ ಮೂಲೆಯಿಂದ ಅಂಚನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಎಳೆಯುತ್ತಾ ಸುತ್ತು ಬನ್ನಿ. ಕೊನೆಯ ಎರಡು ಇಂಚು ಹಠ ಮಾಡುತ್ತದೆ. ಅಲ್ಲಿ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಅಂಚು ಹರಿಯುತ್ತದೆ. ಮೊದಲು ಸಿಕ್ಕಿಸಿದ ಕಡೆ ಹೆಬ್ಬೆರಳು ಸಡಿಲ ಬಿಟ್ಟಿದ್ದೀರಾ ನೋಡಿ, ತಪ್ಪು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಬೆವರಿಗೆ ಬನಿಯನ್ ಟೋಪಿ

ಪ್ಯಾಡ್ ಚೆನ್ನಾಗಿಯೇ ಇದೆ, ಬರೀ ಬೆವರಿನ ಕಾಟ ಅನ್ನುವವರಿಗೆ ಇದು. ಬಳ್ಳಾರಿಯಲ್ಲಿ ಇದ್ದೀವಿ ಅಂದಮೇಲೆ ಎಲ್ಲರೂ ಮೊದಲು ತರುವುದು ಜೀನ್ಸ್ ತುಂಡು. ಕೌಲ್ ಬಜಾರ್ ಕಡೆ ಹೊಲಿಗೆ ಯೂನಿಟ್‌ಗಳಲ್ಲಿ ಕತ್ತರಿಸಿದ ಚೂರು ಬೇಕಾದಷ್ಟು ಸಿಗುತ್ತದೆ, ನಿಜ. ಆದರೆ ಡೆನಿಮ್ ದಪ್ಪ, ಬಗ್ಗುವುದಿಲ್ಲ. ಕಿವಿಯ ಸುತ್ತ ಸಂದು ಬಿಡುತ್ತದೆ, ತಲೆ ಅಲ್ಲಾಡಿಸಿದರೆ ಸರಸರ ಸದ್ದು. ನಾನೂ ಎರಡು ಜೊತೆ ಹೊಲಿದು ಹಾಳು ಮಾಡಿದ್ದೇನೆ. ಹಳೇ ಬನಿಯನ್ ಬಟ್ಟೆಗೆ ಸಮನಾದದ್ದು ಯಾವುದೂ ಇಲ್ಲ. ಎಳೆದರೆ ಹಿಗ್ಗುತ್ತದೆ, ಬೆವರು ಹೀರುತ್ತದೆ, ತೊಳೆದು ಹಾಕಿದರೆ ಅರ್ಧ ಗಂಟೆಯಲ್ಲಿ ಒಣಗುತ್ತದೆ.

ಲೆಕ್ಕ ಸುಲಭ. ಪ್ಯಾಡ್‌ನ ಅಗಲಕ್ಕೆ ದಪ್ಪದ ಎರಡರಷ್ಟು ಸೇರಿಸಿ, ಮಡಿಕೆಗೆ 3 ಸೆಂಟಿಮೀಟರ್ ಸೇರಿಸಿ. 9 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ದಪ್ಪದ ಪ್ಯಾಡ್‌ಗೆ 16 ಸೆಂಟಿಮೀಟರ್‌ನ ವೃತ್ತ. ಅಂಚು ಮಡಚಿ ಹೊಲಿದು ಒಳಗೆ ಎಲಾಸ್ಟಿಕ್ ಎಳೆಯಿರಿ. ಟೋಪಿ ತರ ಪ್ಯಾಡ್ ಮೇಲೆ ಹಾಕಿ ಅಂಚನ್ನು ಪ್ಯಾಡ್ ಹಿಂದೆ ಸೇರಿಸಿ. ಒಂದೇ ಪದರ ಇರಲಿ, ಎರಡು ಬೇಡ. ನಾಲ್ಕು ಜೊತೆ ಹೊಲಿದಿಟ್ಟುಕೊಂಡರೆ ಏಪ್ರಿಲ್, ಮೇ ಎರಡೂ ತಿಂಗಳು ದಿನಾ ಬದಲಿಸಬಹುದು. ಹಾಕಿದ ಮೇಲೆ ಅಂಗೈ ಪರೀಕ್ಷೆ ಮಾಡುವುದು ಮರೆಯಬೇಡಿ.

ಕಿವಿಯ ತುದಿ ಒಳಗಿನ ತಟ್ಟೆಗೆ ತಾಗಿ ನೋಯುತ್ತಿದ್ದರೆ ಹೊಸ ಪ್ಯಾಡ್ ಕೊಳ್ಳುವ ಮುಂಚೆ ಒಂದು ಉಪಾಯ ಇದೆ. 4 ಮಿಲಿಮೀಟರ್ ದಪ್ಪದ ಹತ್ತಿ ಹಗ್ಗವನ್ನು ಪ್ಯಾಡ್‌ನ ಹಿಂಭಾಗದ ಅರ್ಧ ಸುತ್ತಿಗೆ, ಪ್ಯಾಡ್ ಕೆಳಗೆ ಇಡಿ. ಹಿಂಭಾಗ ಅಂದರೆ ಕಿವಿಯ ಹಿಂದೆ ಬರುವ ಕಡೆ. ಪ್ಯಾಡ್ ಓರೆಯಾಗಿ ಎದ್ದು ಕಿವಿಗೆ ಜಾಗ ಸಿಗುತ್ತದೆ. ಎರಡೂ ಕಡೆ ಹಗ್ಗದ ಉದ್ದ ಒಂದೇ ಇರಲಿ.

ಹಂತ 3: ಹಿಡಿತ ಮತ್ತು ನೆತ್ತಿ

ದವಡೆ ನೋಯುತ್ತಿದ್ದರೆ ಹಿಡಿತ ಜಾಸ್ತಿ. ನಿಮ್ಮ ತಲೆಯ ಅಗಲಕ್ಕಿಂತ 1 ಸೆಂಟಿಮೀಟರ್ ಮಾತ್ರ ಹೆಚ್ಚು ಬರುವಂತೆ ಪುಸ್ತಕ ಪೇರಿಸಿ, ಹೆಡ್‌ಫೋನ್ ಅದಕ್ಕೆ ತೊಡಿಸಿ ರಾತ್ರಿ ಬಿಡಿ. ಬೆಳಿಗ್ಗೆ ಹಾಕಿ ನೋಡಿ. ಸಾಲದಿದ್ದರೆ ಇನ್ನೊಂದು ರಾತ್ರಿ. ಒಂದೇ ಸಲಕ್ಕೆ ಮೂರು ಸೆಂಟಿಮೀಟರ್ ಹಿಗ್ಗಿಸಲು ಹೋದವರ ಬ್ಯಾಂಡ್ ಮುರಿದದ್ದು ನೋಡಿದ್ದೇನೆ. ಬೇಗ ಆಗಲಿ ಅಂತ ಮಾಳಿಗೆ ಮೇಲೆ ಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡವೇ ಬೇಡ.

ಒಳಗೆ ಸ್ಟೀಲ್ ಪಟ್ಟಿ ಇರುವ ಬ್ಯಾಂಡ್ ಆದರೆ ಪೂರ್ತಿ ಉದ್ದ ಎಳೆದು, ಪಟ್ಟಿಯನ್ನೇ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಬಹುದು. ಕಪ್ ತಿರುಗುವ ಕೀಲಿನ ಹತ್ತಿರ ಬಲ ಬೀಳಬಾರದು.

ಎಲ್ಲಿಗೆ ನಿಲ್ಲಿಸಬೇಕು? ತಲೆ ಬಗ್ಗಿಸಿ ಎಡಬಲ ಆಡಿಸಿ. ಜಾರಬಾರದು. ಜಾರಿದರೆ ಸಡಿಲ ಆಗಿದೆ, ಬೇಸೂ ಹೋಗಿರುತ್ತದೆ. ಕನ್ನಡಕ ಹಾಕುವವರಿಗೆ ಕಡ್ಡಿ ಪ್ಯಾಡ್ ಒತ್ತಿ ಸಂದು ಬಿಡುವುದೇ ದೊಡ್ಡ ಸಮಸ್ಯೆ. ಕಡ್ಡಿಯನ್ನು ಕಿವಿಯ ಮೇಲೆ ಸ್ವಲ್ಪ ಎತ್ತರಕ್ಕೆ ಇಟ್ಟು ನೋಡಿ. ಮೆತ್ತನೆ ಮೆಮೊರಿ ಫೋಮ್ ಪ್ಯಾಡ್ ಕಡ್ಡಿಯ ಸುತ್ತ ಚೆನ್ನಾಗಿ ಕೂರುತ್ತದೆ.

ನೆತ್ತಿ ನೋವಿಗೆ ಬ್ಯಾಂಡ್ ತುಂಬ ಸ್ಪಾಂಜ್ ಸುತ್ತುತ್ತಾರೆ. ಸುಮ್ನೆ ದಪ್ಪ ಆಗುತ್ತದೆ ಅಷ್ಟೇ, ಭಾರ ಮತ್ತೆ ಅದೇ ಜಾಗಕ್ಕೆ ಬೀಳುತ್ತದೆ. ನೋಯುವ ನಟ್ಟನಡುವೆ ನಾಲ್ಕು ಬೆರಳಗಲ ಖಾಲಿ ಬಿಟ್ಟು, ಆಚೆ ಈಚೆ ಒಂದೊಂದು 1 ಸೆಂಟಿಮೀಟರ್ ದಪ್ಪದ ಫೋಮ್ ತುಂಡು ಅಂಟಿಸಿ. ಭಾರ ಎರಡು ಕಡೆ ಹಂಚಿಕೊಳ್ಳುತ್ತದೆ, ನೆತ್ತಿಗೆ ಗಾಳಿಯೂ ಆಡುತ್ತದೆ.

ಹಂತ 4: ದುಡ್ಡಿಲ್ಲದ ಸೌಂಡ್ ಕೆಲಸ, ಈಕ್ವಲೈಜರ್

ಕಪ್ ಬಿಚ್ಚುವ ಮುಂಚೆ ಈಕ್ವಲೈಜರ್, ಅಂದರೆ ಬೇಸ್, ಟ್ರೆಬಲ್ ಬೇರೆ ಬೇರೆಯಾಗಿ ಏರಿಸಿ ಇಳಿಸುವ ಆಪ್, ಹಾಕಿ ನೋಡಲೇಬೇಕು. ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್, ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಓ ಇವೆ. ಇದರಿಂದ ಎರಡು ಲಾಭ. ಎಷ್ಟೋ ಜನಕ್ಕೆ ಇಲ್ಲೇ ಸಮಾಧಾನ ಆಗುತ್ತದೆ. ಆಗದಿದ್ದರೂ ನಿಮಗೆ ಯಾವ ಜಾಗದಲ್ಲಿ ಎಷ್ಟು ಕಮ್ಮಿ ಬೇಕು ಅಂತ ಗೊತ್ತಾಗಿರುತ್ತದೆ. ಆ ಲೆಕ್ಕ ಇಲ್ಲದೆ ಟಿಶ್ಯೂ ಅಂಟಿಸುವುದು ಉಪ್ಪು ನೋಡದೆ ಸಾರಿಗೆ ಉಪ್ಪು ಹಾಕಿದ ಹಾಗೆ.

'ಸ' ಚುಚ್ಚುತ್ತಿದ್ದರೆ 6,000ದಿಂದ 9,000 ಹರ್ಟ್ಜ್ ನಡುವೆ 3 ಡೆಸಿಬಲ್ ಇಳಿಸಿ. ಬೇಸ್ ಏರಿಸುವುದಾದರೆ 100 ಹರ್ಟ್ಜ್ ಕೆಳಗೆ 3ರಿಂದ 4 ಡೆಸಿಬಲ್ ಸಾಕು. ಎಷ್ಟು ಏರಿಸಿದಿರೋ ಅಷ್ಟನ್ನು ಆಪ್‌ನ ಪ್ರೀಆಂಪ್‌ನಲ್ಲಿ (ಒಟ್ಟು ಸದ್ದಿನ ಮಟ್ಟ) ಇಳಿಸಿ, ಇಲ್ಲದಿದ್ದರೆ ಜೋರು ಜಾಗದಲ್ಲಿ ಸೌಂಡ್ ಒಡೆಯುತ್ತದೆ. ಆದರೆ ಅಂಗೈ ಪರೀಕ್ಷೆಯಲ್ಲಿ ಸೋಲುತ್ತಿರುವ ಹೆಡ್‌ಫೋನ್‌ಗೆ ಬೇಸ್ ಏರಿಸಬೇಡಿ. ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ.

ಇನ್ನೊಂದು ಮಾತು. ಕೂಲರ್ ಸದ್ದಿನಲ್ಲಿ ಕೂತು ಕೇಳುವವರು ಗೊತ್ತಿಲ್ಲದೆ ವಾಲ್ಯೂಮ್ ಏರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಪ್ಯಾಡ್ ಸರಿಯಾಗಿ ಮುಚ್ಚಿದರೆ ಹೊರಗಿನ ಸದ್ದು ಇಳಿಯುತ್ತದೆ, ವಾಲ್ಯೂಮ್ ಎರಡು ಗೆರೆ ತಾನಾಗಿಯೇ ಇಳಿಸುತ್ತೀರಿ.

ಹಂತ 5: ಕಪ್ ಬಿಚ್ಚುವುದು

ಇಲ್ಲಿಯವರೆಗೆ ಮಾಡಿದ್ದೆಲ್ಲ ವಾಪಸ್ ತೆಗೆಯಬಹುದಾಗಿತ್ತು. ಇಲ್ಲಿಂದ ಕೆಡಿಸಬಹುದು.

ಜಾಗ ಮೊದಲು. ಟೇಬಲ್ ಮೇಲೆ ಬಿಳಿ ಕಾಗದ ಹಾಸಿ. ಫ್ಯಾನ್ ಆಫ್. ಮೇ ತಿಂಗಳಲ್ಲಿ ಇದು ಕ್ರೂರ ಶಿಕ್ಷೆ, ಅದಕ್ಕೇ ನಾನು ಬೆಳಿಗ್ಗೆ ಆರಕ್ಕೆ ಕೂರುತ್ತೇನೆ. ಸಂಡೂರು ಕಡೆಯವರು ಅದಿರಿನ ಕೆಂಪು ಧೂಳು ಮ್ಯಾಗ್ನೆಟ್‌ಗೆ ಅಂಟುತ್ತದಾ ಅಂತ ಕೇಳುತ್ತಾರೆ. ನಮ್ಮ ಕಡೆಯ ಹೆಮಟೈಟ್ ಅದಿರು ಮ್ಯಾಗ್ನೆಟ್‌ಗೆ ಅಷ್ಟಾಗಿ ಅಂಟುವುದಿಲ್ಲ, ಒರೆಸಿದರೆ ಹೋಗುತ್ತದೆ. ನಿಜವಾದ ಶತ್ರು ವೆಲ್ಡಿಂಗ್ ಶಾಪಿನ ಗ್ರೈಂಡಿಂಗ್ ಪುಡಿ. ಅದು ಡ್ರೈವರ್ ಒಳಗೆ ಸೇರಿದರೆ ಕರಕರ ನಿಲ್ಲುವುದೇ ಇಲ್ಲ.

ಎರಡನೆಯದು ಸ್ಕ್ರೂಡ್ರೈವರ್. ಡ್ರೈವರ್ ಹಿಂದೆ ಗಟ್ಟಿ ಮ್ಯಾಗ್ನೆಟ್ ಇದೆ. ಸ್ಟೀಲ್ ಮೊನೆಯನ್ನು ಅದು ಸೆಳೆಯುತ್ತದೆ. ನನ್ನ ಮೊದಲ ಹೆಡ್‌ಫೋನ್‌ನಲ್ಲಿ ಕೊನೇ ಸ್ಕ್ರೂ ಬಿಚ್ಚಿ ಎತ್ತುತ್ತಿದ್ದೆ. ಸ್ಕ್ರೂ ಮೊನೆಯಿಂದ ಹಾರಿ ಟಪ್ ಅಂತ ಡ್ರೈವರ್ ಮಧ್ಯಕ್ಕೆ ಬಿತ್ತು. ಜಾಲರಿ ಇರಲಿಲ್ಲ, ತೆಳು ಬಟ್ಟೆ ಇತ್ತು ಅಷ್ಟೇ. ಪೊರೆಯಲ್ಲಿ ಸಾಸಿವೆ ಕಾಳಿನಷ್ಟು ತಗ್ಗು. ಅವತ್ತಿನಿಂದ ಆ ಕಿವಿಯಲ್ಲಿ ಪ್ರತಿ ತಬಲಾ ಏಟಿಗೂ ಒಂದು ಚಿಟಿಕೆ ಸದ್ದು. ಈಗ ಸ್ಕ್ರೂಗೆ ಕೈ ಹಾಕುವ ಮುಂಚೆ ಮದುವೆ ಕಾರ್ಡಿನ ರಟ್ಟು ದುಂಡಗೆ ಕತ್ತರಿಸಿ ಡ್ರೈವರ್ ಮೇಲೆ ಟೇಪ್ ಹಾಕಿ ಮುಚ್ಚುತ್ತೇನೆ.

ಸ್ಕ್ರೂಗಳು ಸಾಮಾನ್ಯವಾಗಿ ಪ್ಯಾಡ್ ಕೆಳಗೆ ಇರುತ್ತವೆ. ಕಾಣದಿದ್ದರೆ ಸ್ಟಿಕ್ಕರ್ ಕೆಳಗೆ ಬೆರಳಾಡಿಸಿ. ಬಿಚ್ಚಿದ ಮೇಲೆ ತಟ್ಟೆಯನ್ನು ಎರಡು ಇಂಚು ಮಾತ್ರ ಎತ್ತಿ, ಫೋನಲ್ಲಿ ಫೋಟೋ ತೆಗೆಯಿರಿ. ಕಪ್ ವೈರ್ ಮೇಲೆ ಜೋತು ಬೀಳದಂತೆ ಕೆಳಗೆ ಬಟ್ಟೆ ಉಂಡೆ ಇಡಿ. ಎತ್ತಲು ಬಾರದೆ ಬಿಗಿದುಕೊಂಡರೆ ಎಳೆಯಬೇಡಿ, ಒಂದು ಸ್ಕ್ರೂ ಉಳಿದಿದೆ.

ಹಂತ 6: ಚುಚ್ಚುವ ಟ್ರೆಬಲ್ ಇಳಿಸುವುದು

ಇದಕ್ಕೆ ಎಷ್ಟೋ ಮಾಡೆಲ್‌ಗಳಲ್ಲಿ ಕಪ್ ಬಿಚ್ಚುವುದೂ ಬೇಡ, ಪ್ಯಾಡ್ ತೆಗೆದರೆ ಸಾಕು. ಸೂಪರ್‌ಲಕ್ಸ್ ಎಚ್‌ಡಿ 681 ತರದ ಅಗ್ಗದ ಹೆಡ್‌ಫೋನ್‌ಗಳಲ್ಲಿ ಟ್ರೆಬಲ್ ಜಾಸ್ತಿ ಇರುವುದರಿಂದ ಈ ಕೆಲಸ ಮಾಡುವವರು ಬಹಳ.

ಟಿಶ್ಯೂ ಪೇಪರ್‌ನ ಪದರ ಬಿಡಿಸಿ ಒಂದೇ ಪದರ ತೆಗೆದುಕೊಳ್ಳಿ. ಡ್ರೈವರ್ ಅಗಲಕ್ಕೆ ದುಂಡಗೆ ಕತ್ತರಿಸಿ. ಡ್ರೈವರ್ ಮುಂದಿನ ಜಾಲರಿ ಮೇಲೆ ಇಟ್ಟು ಅಂಚಿನಲ್ಲಿ ಮಾತ್ರ ಟೇಪ್ ಹಾಕಿ. ಜಾಲರಿ ಇಲ್ಲದಿದ್ದರೆ ಪೊರೆಗೆ ತಾಗುವ ಅಪಾಯ ಇದೆ, ಆಗ ಪ್ಯಾಡ್‌ನ ಒಳಬಟ್ಟೆಗೆ ಹಚ್ಚಿ.

ಒಂದು ಕಡೆ ಮಾತ್ರ ಮೊದಲು ಮಾಡಿ. ಮೋನೋ ಹಾಕಿ ಎರಡೂ ಕಿವಿ ಹೋಲಿಸಿ. ಮಾಡದ ಕಡೆ ನಿಮ್ಮ ಅಳತೆಗೋಲು. ಸರಿ ಅನ್ನಿಸಿದರೆ ಇನ್ನೊಂದು ಕಡೆಗೂ ಅದೇ ಅಳತೆ. ಸಾಲದಿದ್ದರೆ ಇನ್ನೊಂದು ಪದರ, ಮೂರಕ್ಕಿಂತ ಜಾಸ್ತಿ ಬೇಡ. ಮಾತು ಕಂಬಳಿ ಹೊದ್ದುಕೊಂಡು ಆಡಿದ ಹಾಗೆ ಕೇಳಿಸಿದರೆ ಒಂದು ಪದರ ತೆಗೆಯಿರಿ. ಆಮೇಲೆ ಮೂರು ದಿನ ಮುಟ್ಟಬೇಡಿ. ಮೊದಲ ದಿನ ಕಿವಿಗೆ ಮಂಕು ಅನ್ನಿಸುವುದು ಸಹಜ, ಹೊಂದಿಕೊಂಡ ಮೇಲೆ ತೀರ್ಮಾನ ಮಾಡಿ.

ಹಂತ 7: ಕಪ್ ಒಳಗಿನ ಬಿಂದಿಗೆ ಸದ್ದು

ಧ್ವನಿ ಬಿಂದಿಗೆಯೊಳಗಿಂದ ಬಂದ ಹಾಗಿದ್ದರೆ ಮಾತ್ರ ಈ ಹಂತ. ಇಲ್ಲದಿದ್ದರೆ ಬಿಟ್ಟುಬಿಡಿ.

ಮೆಡಿಕಲ್ ಹತ್ತಿ ತೇವ ಹೀರಿ ಉಂಡೆ ಕಟ್ಟುತ್ತದೆ. ದಿಂಬಿನ ಪಾಲಿಸ್ಟರ್ ನಾರು ವಾಸಿ. ಒಂದು ಕಪ್‌ಗೆ 1 ಗ್ರಾಂನಿಂದ ಶುರು ಮಾಡಿ. ಬೆರಳಿನಿಂದ ಬಿಡಿಸಿ, ಹೂ ಹರಡಿದ ಹಾಗೆ ಕಪ್‌ನ ಗೋಡೆ ಕಡೆ ಹರಡಿ. ಡ್ರೈವರ್ ಬೆನ್ನ ಮೇಲೆ ಸಣ್ಣ ತೂತು ಅಥವಾ ಕಾಗದ ಅಂಟಿಸಿದ ರಂಧ್ರ ಕಾಣುತ್ತದೆ. ಅದು ಉಸಿರಾಡುವ ದಾರಿ. ಅದನ್ನು ಒತ್ತಿ ಮುಚ್ಚಿದ್ದಕ್ಕೇ ಎಷ್ಟೋ ಜನರ ಬೇಸ್ ಹೋಗಿರುವುದು. ಆ ಕಾಗದಕ್ಕೆ ಸೂಜಿಯಿಂದ ಚುಚ್ಚುವುದೂ ಬೇಡ. ತಟ್ಟೆಯ ಮೇಲಿನ ರಂಧ್ರ ಮುಚ್ಚಿದರೆ ಏನಾಗುತ್ತದೆ ನೋಡಬೇಕು ಅನ್ನಿಸಿದರೆ ಮೈಕ್ರೋಪೋರ್ ಟೇಪ್ ಹಚ್ಚಿ ಹತ್ತು ನಿಮಿಷ ಕೇಳಿ, ತೆಗೆದು ಮತ್ತೆ ಕೇಳಿ.

ಕಾರಿಗೆ ಹಾಕುವ ಡಾಂಬರ್ ಶೀಟನ್ನು ಕಪ್ ಒಳಗೆ ಅಂಟಿಸುವವರಿದ್ದಾರೆ. ಬೇಸಿಗೆಯಲ್ಲಿ ಅದು ಮೆತ್ತಗಾಗಿ ವಾಸನೆ ಬಿಡುತ್ತದೆ. ಇಲ್ಲಿಗೆ ಬೇಡ.

ಹಂತ 8: ವೈರ್

ವೈರ್ ಬದಲಿಸಿದರೆ ಸೌಂಡ್ ಸುಧಾರಿಸುತ್ತದೆ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ತುಂಡಾಗಿದ್ದರೆ ಬದಲಿಸಿ. ಮಲ್ಟಿಮೀಟರ್‌ನಲ್ಲಿ ಎರಡೂ ಡ್ರೈವರ್‌ಗಳ ಓಮ್ (ಕರೆಂಟಿಗೆ ಇರುವ ತಡೆ) ಹೆಚ್ಚು ಕಮ್ಮಿ ಒಂದೇ ಬರಬೇಕು. ಒಂದು ಕಡೆ ಏನೂ ತೋರಿಸದಿದ್ದರೆ ಮೊದಲು ಪಿನ್ ಹತ್ತಿರ, ಆಮೇಲೆ ಕಪ್ ಒಳಗೆ ಹೋಗುವ ಜಾಗದಲ್ಲಿ ವೈರ್ ಬಗ್ಗಿಸಿ ನೋಡಿ. ಅಲ್ಲೇ ತುಂಡಾಗುವುದು ಜಾಸ್ತಿ.

ಬಣ್ಣವನ್ನು ಪೂರ್ತಿ ನಂಬಬೇಡಿ. ಕೆಂಪು ಬಲಕ್ಕೆ, ಹಸಿರು ಅಥವಾ ನೀಲಿ ಎಡಕ್ಕೆ ಅನ್ನುವುದು ರೂಢಿ ಮಾತ್ರ, ಫೋಟೋ ನೋಡಿ. ಈ ತೆಳು ತಾಮ್ರದ ಎಳೆಗಳ ಮೇಲೆ ವಾರ್ನಿಷ್ ಇರುತ್ತದೆ. ಐರನ್ ಮೊನೆಯಲ್ಲಿ ಸೋಲ್ಡರ್ ಹನಿ ಇಟ್ಟು ಅದರೊಳಗೆ ತುದಿ ಅದ್ದಿ ವಾರ್ನಿಷ್ ಸುಡದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಡ್ರೈವರ್‌ಗೆ ಐರನ್ ತಾಗಿಸುವುದು 2 ಸೆಕೆಂಡ್, ಅಷ್ಟೇ. ಮೀರಿದರೆ ಪ್ಲಾಸ್ಟಿಕ್ ಕರಗುತ್ತದೆ. ಮುಚ್ಚುವ ಮುಂಚೆ ಕಪ್ ಒಳಗೆ ವೈರಿಗೆ ಒಂದು ಗಂಟು ಹಾಕಿ, ಎಳೆತ ಬೆಸುಗೆಗೆ ಬೀಳುವುದಿಲ್ಲ.

ಬೆಸೆದ ಮೇಲೆ ಮೋನೋ ವಾರ್ತೆ ಹಾಕಿ. ಧ್ವನಿ ನಡುವೆ ನಿಲ್ಲದೆ ತಲೆಯ ಸುತ್ತ ಹರಡಿಕೊಂಡು, ಬೇಸೂ ಬಡಕಲಾಗಿದ್ದರೆ ಗಾಬರಿ ಬೇಡ. ಒಂದು ಕಡೆಯ ಎರಡು ವೈರ್ ಅದಲು ಬದಲಾಗಿವೆ. ಆ ಕಡೆ ಮಾತ್ರ ಬಿಚ್ಚಿ ತಿರುಗಿಸಿ ಬೆಸೆಯಿರಿ.

ಮುಗಿದ ಮೇಲೆ ಹೆಡ್‌ಫೋನ್ ಅನ್ನು ಟೇಬಲ್ ಮೇಲೆ ಮಲಗಿಸಬೇಡಿ, ಧೂಳು ನೇರ ಒಳಗೆ ಬೀಳುತ್ತದೆ. ಮೊಳೆಗೆ ನೇತು ಹಾಕಿ ಮೇಲೊಂದು ಬಟ್ಟೆ ಹೊದಿಸಿ. ಹಳೇ ಪ್ಯಾಡ್ ಎಷ್ಟೇ ಹರಿದಿರಲಿ, ಎಸೆಯದೆ ಕವರ್‌ನಲ್ಲಿ ಕಟ್ಟಿ ಡ್ರಾಯರ್‌ನಲ್ಲಿಡಿ. ಆರು ತಿಂಗಳ ಮೇಲೆ ಸೌಂಡ್ ಏಕೋ ಸರಿ ಇಲ್ಲ ಅನ್ನಿಸಿದಾಗ, ಹೊಸ ಪ್ಯಾಡ್ ಕೂತುಹೋಗಿದೆಯೋ ಡ್ರೈವರ್ ಕೆಟ್ಟಿದೆಯೋ ಅಂತ ತಿಳಿಯಲು ಅದನ್ನೇ ಮತ್ತೆ ಹಾಕಿ ನೋಡಬೇಕಾಗುತ್ತದೆ.